ಅರ್ಧ ಪುಸ್ತಕ ಕೊಡುತ್ತಿದ್ದ ಬೈಂಡರು

ಹೋದ ತಿಂಗಳು ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಬಣ್ಣಬಣ್ಣದ ಕರೆಯೋಲೆ ಬಂದು ಬಿತ್ತು. ಮೇಲೆ ಅಧ್ಯಕ್ಷರ ನಗುಮುಖ, ಕೆಳಗೆ ಕಾರ್ಯದರ್ಶಿಗಳ ನಗುಮುಖ, ನಡುವೆ ಎಲ್ಲಿಂದಲೋ ಎತ್ತಿ ತಂದ ಒಂದು ಗುಡ್ಡ, ಒಂದು ದೋಣಿ. ‘ಮಕ್ಕಳಿಗೊಂದು ಸಾಹಸದ ಕಥೆ, ಮನೆಮಂದಿಗೊಂದು ವಿಹಾರ! ಮುಂಬೈ ಕನ್ನಡಿಗರಲ್ಲಿ ಇದೇ ಮೊದಲ ಬಾರಿಗೆ!’ ಎಂದು ಬರೆದಿತ್ತು. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು, ಹೂಗುಚ್ಛದ ಚಿತ್ರಗಳು, ‘ಸೂಪರ್ ಐಡಿಯಾ ಸರ್’ ಎಂಬ ಹೊಗಳಿಕೆಗಳು.

ಇದೇ ಮೊದಲ ಬಾರಿಗೆ ಅಂತೆ! ನಾಚಿಕೆ ಎಂಬುದು ಸ್ವಲ್ಪವಾದರೂ ಬೇಡವೇ? ಘಾಟ್ಕೋಪರಿನ ನನ್ನ ಅಡುಗೆಮನೆಯಲ್ಲಿ ಕಾವಲಿಯ ಮೇಲೆ ಹೊಯ್ದ ದೋಸೆ ಕರಟಿ ಹೋಯಿತು, ನಾನು ಮೊಬೈಲ್ ಹಿಡಿದು ನಿಂತೇ ಇದ್ದೆ. ಸಯನ್‌ನಲ್ಲಿರುವ ಅದೇ ಸಂಘದ ಅದೇ ಮೊದಲ ಮಾಳಿಗೆಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು, ಒಬ್ಬ ಮನುಷ್ಯ ವರ್ಷಗಟ್ಟಲೆ ಇದೇ ಕೆಲಸವನ್ನು ಮಾಡಿದ್ದರು. ಅವರನ್ನು ಓಡಿಸಿದವರು ಇದೇ ನಗುಮುಖದವರು. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹಿಂದೊಮ್ಮೆ ಪುಸ್ತಕದ ಕಪಾಟಿನ ಮೇಲೆ ಅವರ ಹೆಸರಿನ ಒಂದು ಬೋರ್ಡು ಹಾಕಿಸೋಣ ಎಂದು ಹೊರಟಿದ್ದೆ. ಅವರು ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದರು: “ಬೈಂಡರನ ಹೆಸರು ಯಾವ ಪುಸ್ತಕದ ಮ್ಯಾಲೂ ಇರೂದಿಲ್ಲ ಅಕ್ಕಾರ. ನಂದೂ ಬ್ಯಾಡ. ಆ ಬೋರ್ಡಿನ ಹಲಗಿ ಇದ್ರ ಕೊಡ್ರಿ, ಪುಸ್ತಕ ಒತ್ತೂ ಹಲಗಿ ಮಾಡ್ಕೋತೀನಿ.”

ಊರು ವಿಜಯಪುರದ ಕಡೆಯದು. ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಬೈಂಡರ್. ವಾರವಿಡೀ ಆಫೀಸುಗಳ ದಪ್ಪ ದಪ್ಪ ರಿಜಿಸ್ಟರುಗಳನ್ನು ಹೊಲಿಯುವುದು, ರವಿವಾರ ಮಾತ್ರ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ, ಸಯನ್‌ಗೆ ಬಂದು ಸಂಘದ ಮಕ್ಕಳ ಲೈಬ್ರರಿ ನೋಡಿಕೊಳ್ಳುವುದು. ಬಿಳಿ ಅಂಗಿ, ಪೈಜಾಮ, ಹೆಗಲಲ್ಲೊಂದು ಖಾಕಿ ಚೀಲ. ಹೆಬ್ಬೆರಳಿನ ಉಗುರಿನ ಸುತ್ತ ಮೈದಾ ಅಂಟು ಮೆತ್ತಿ ಒಣಗಿ ಯಾವಾಗಲೂ ಬೆಳ್ಳಗೆ. ಕೈಗೆ ಪುಸ್ತಕ ಬಂದರೆ ಮೊದಲು ಬೆನ್ನು ನೋಡುವರು, ಆಮೇಲೆ ಹೊಲಿಗೆಯನ್ನು ಉಗುರಿನಿಂದ ಮೀಟುವರು, ಹೆಸರು ಓದುವುದು ಕಟ್ಟಕಡೆಗೆ. ಹರಿದ ಹಾಳೆಗೆ ಗಮ್ ಟೇಪ್ ಅಂಟಿಸಿ ತಂದವರ ಗತಿ ಮುಗಿಯಿತೆಂದೇ ಲೆಕ್ಕ. “ಇದಕ್ಕಿಂತ ಚೂರಿ ಹಾಕ್ಬೇಕಿತ್ರಿ” ಎಂದು ಸಿಡುಕಿ, ಆ ಟೇಪನ್ನು ಬಿಡಿಸಲು ಅರ್ಧ ತಾಸು ಕೂರುತ್ತಿದ್ದರು. ಮಕ್ಕಳನ್ನು ಮಾತ್ರ ‘ಸಾಹೇಬ್ರ’ ಎಂದೇ ಕರೆಯುವುದು. ಆಗ ಒಂಬತ್ತು ವರ್ಷದ ನನ್ನ ಮಗಳೂ ಸಾಹೇಬ್ರೇ.

ನಮ್ಮ ಮೊದಲ ಭೇಟಿ ಜಗಳದಲ್ಲಿ ಆಯಿತು. ಮಗಳು ಸಂಘದಿಂದ ಒಂದು ಪುಸ್ತಕ ತಂದಳು. ನೀಲಿ ಬಟ್ಟೆಯ ಅಚ್ಚುಕಟ್ಟಾದ ಕಟ್ಟು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಅಕ್ಷರ ಕೂಡಿಸಿ ಓದಲು ಬೇಸರ. ಹಾಗಾಗಿ ಓದುವ ಕೆಲಸ ನನ್ನ ತಲೆಗೆ ಬಂತು. ಮೂವರು ಮಕ್ಕಳು ಕಳ್ಳನ ಜಾಡು ಹಿಡಿದು ಒಂದು ಗುಹೆಗೆ ಹೋಗುತ್ತಾರೆ. ಟಾರ್ಚು ಆರಿಹೋಗುತ್ತದೆ. ‘ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ’ ಎಂಬಲ್ಲಿಗೆ ಪುಟ ಮುಗಿಯಿತು. ಮಗುಚಿದರೆ ರಟ್ಟು!

“ಅಮ್ಮ, ಆಗೇ ಕ್ಯಾ ಹುವಾ? ಯಾರು ಬಂದ್ರು?” ಎಂದು ಮಗಳು ಜೀವ ತಿಂದಳು. ಮಲಗಲಿಲ್ಲ, ಮರುದಿನ ಊಟ ಸರಿಯಾಗಿ ಮಾಡಲಿಲ್ಲ. ಮುಂದಿನ ರವಿವಾರ ಪುಸ್ತಕ ಹಿಡಿದುಕೊಂಡು ಸೀದಾ ಸಂಘಕ್ಕೆ ಹೋದೆ.

“ಎಂತ ಮಾರಾಯ್ರೆ ಇದು? ಮಕ್ಕಳಿಗೆ ಹರಕು ಪುಸ್ತಕ ಕೊಡುದಾ? ಅರ್ಧವೇ ಇಲ್ಲ ಇದರಲ್ಲಿ!”

“ಹರದಿಲ್ರಿ. ಬಿಚ್ಚೀನಿ.” ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ಹರಿಯೂದು ಬ್ಯಾರೆ, ಬಿಚ್ಚೂದು ಬ್ಯಾರೆ.”

“ಉಳಿದರ್ಧ ಎಲ್ಲುಂಟು?”

“ಗುಹಾದಾಗ ಓದೂದೈತಿ. ಮನಿಮಂದಿ ಎಲ್ಲಾ ಹೋಗ್ರಿ.”

ಅವರ ಪದ್ಧತಿ ಹೀಗಿತ್ತು. ಪುಸ್ತಕ ಎಂದರೆ ಹದಿನಾರು ಹದಿನಾರು ಪುಟಗಳ ಫಾರಂಗಳನ್ನು ಒಂದರ ಹಿಂದೊಂದು ಇಟ್ಟು ಹೊಲಿದದ್ದು. ಯಾವ ಫಾರಂ ಮುಗಿಯುವಲ್ಲಿ ಮಕ್ಕಳ ಉಸಿರು ಸಿಕ್ಕಿಕೊಳ್ಳುತ್ತದೋ ನೋಡಿ, ಅಲ್ಲಿ ಹೊಲಿಗೆ ಬಿಚ್ಚಿ, ಒಂದು ಪುಸ್ತಕವನ್ನು ಎರಡು ಕಟ್ಟು ಮಾಡುವರು. ಮೊದಲರ್ಧಕ್ಕೆ ನೀಲಿ ಬಟ್ಟೆ, ಎರಡನೆಯದಕ್ಕೆ ಕೆಂಪು. ಫಾರಂ ಮುಗಿದಲ್ಲಿ ವಾಕ್ಯವೇನೂ ಮುಗಿಯುವುದಿಲ್ಲವಲ್ಲ, ಹಾಗಾಗಿ ಕಥೆ ನಡು ಮಾತಿನಲ್ಲೇ ನಿಂತುಬಿಡುತ್ತಿತ್ತು. ನೀಲಿ ಕಟ್ಟನ್ನು ಮನೆಯಲ್ಲಿ ಓದಬೇಕು. ಆಮೇಲೆ ಕಂದು ಕಾಗದದಲ್ಲಿ ಸುತ್ತಿ, ನಾಲ್ಕೂ ಕಡೆ ದಾರದಿಂದ ಹೊಲಿದ ಕೆಂಪು ಕಟ್ಟು ಸಿಗುತ್ತದೆ, ಅದರ ಮೇಲೆ ಒಂದು ಜಾಗದ ಹೆಸರು ಇರುತ್ತದೆ. ಗುಹೆಯ ಕಥೆಗೆ ಜೋಗೇಶ್ವರಿಯ ಗುಹೆ, ಕೋಟೆಯ ಕಥೆಗೆ ಸಯನ್ ಕೋಟೆ ಇಲ್ಲವೇ ವಸಾಯಿ, ದ್ವೀಪದ ಕಥೆಗೆ ಮಾರ್ವೆಯಿಂದ ಮನೋರಿಗೆ ಹೋಗುವ ದೋಣಿ. ಮನೆಮಂದಿಯೆಲ್ಲ ಅಲ್ಲಿಗೆ ಹೋಗಿ, ಅಲ್ಲೇ ದಾರ ಕತ್ತರಿಸಿ, ದೊಡ್ಡವರು ಗಟ್ಟಿಯಾಗಿ ಓದಬೇಕು. ಮನೆಯಲ್ಲಿ ಬಿಚ್ಚುವಂತಿಲ್ಲ.

“ನಮ್ಮವರಿಗೆ ಹೋಟೆಲು. ರವಿವಾರ ಬರ್ಲಿಕ್ಕೆ ಆಗುದಿಲ್ಲ. ನಾನೇ ಕರ್ಕೊಂಡು ಹೋಗ್ತೇನೆ” ಎಂದೆ.

“ಅವರು ಬಂದ್ರ ಕೆಂಪು ಕಟ್ಟ. ಇಲ್ಲಾಂದ್ರ ನೀಲಿ ವಾಪಸ್ ಕೊಡ್ರಿ.”

ಮೈಯೆಲ್ಲ ಉರಿಯಿತು. ಇವನ್ಯಾರು ನನ್ನ ಗಂಡನಿಗೆ ರಜೆ ಹಾಕಿಸಲು! ಬೈದುಕೊಂಡೇ ಮನೆಗೆ ಬಂದೆ. ಆದರೆ ಮಗಳು ಅಪ್ಪನ ಬೆನ್ನು ಬಿಡಲಿಲ್ಲ. ನನ್ನ ಗಂಡ ಉಡುಪಿಯಿಂದ ಹುಡುಗನಾಗಿ ಬಂದವರು, ಘಾಟ್ಕೋಪರ್ ಸ್ಟೇಷನ್ ಹತ್ತಿರ ಒಂದು ಸಣ್ಣ ಹೋಟೆಲು ನಡೆಸುವವರು. ಮಗಳು ಹುಟ್ಟಿದ ದಿನವೂ ಮಧ್ಯಾಹ್ನದ ಊಟದ ಹೊತ್ತು ದಾಟಿಸಿಯೇ ಆಸ್ಪತ್ರೆಗೆ ಬಂದದ್ದು. “ಗುಹೆ ನೋಡ್ಲಿಕ್ಕೆ ಹೋಟೆಲ್ ಬಿಟ್ಟು ಬರುದಾ? ನಿಮಗೆ ತಲೆ ಸರಿ ಉಂಟಾ?” ಎಂದು ರೇಗಿದರು. ಮೂರನೆಯ ರವಿವಾರ ಬಂದರು. ಮೆಟ್ರೋದಲ್ಲಿ ಕೂತದ್ದು ಮುಖ ಊದಿಸಿಕೊಂಡೇ.

ಜೋಗೇಶ್ವರಿಯ ಗುಹೆ ಗೊತ್ತಿದ್ದವರಿಗೆ ಗೊತ್ತು. ಸುತ್ತ ಮನೆಗಳ ಗಿಜಿಬಿಜಿ, ನಡುವೆ ನೆಲದೊಳಗೆ ಇಳಿದು ಹೋದ ಕಲ್ಲಿನ ಕತ್ತಲೆ. ಒಂದು ಕಂಬದ ಬುಡದಲ್ಲಿ ಕೂತೆವು. ಮಗಳು ಹಲ್ಲಿನಿಂದ ದಾರ ಕಡಿದಳು. ನಾನು ಮೊಬೈಲಿನ ಬೆಳಕು ಹಿಡಿದೆ. ಇವರು ಪುಸ್ತಕವನ್ನು ದೂರ ಹಿಡಿದು, ಹತ್ತಿರ ಹಿಡಿದು, ಕಣ್ಣು ಕಿರಿದು ಮಾಡಿದರು. ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಬೋರ್ಡು ಬಿಟ್ಟು ಏನನ್ನೂ ಗಟ್ಟಿಯಾಗಿ ಓದಿದವರಲ್ಲ. ಮೊದಲ ಪದವೇ ‘ಕೆಮ್ಮಿದರು’ ಎಂದಿತ್ತು. ಬೆನ್ನ ಹಿಂದೆ ಯಾರೋ ಕೆಮ್ಮಿದರು! ಏನು ತೋಚಿತೋ, ಇವರು ಆ ಪದ ಓದಿ ತಾವೂ ಒಮ್ಮೆ ಗೊರಗೊರ ಎಂದು ಕೆಮ್ಮಿದರು. ಗುಹೆಯೆಲ್ಲ ಕೆಮ್ಮಿತು. ಮಗಳು ಕಿಟಾರನೆ ಕಿರುಚಿ ಅಪ್ಪನ ತೊಡೆಯೇರಿದಳು. ಆಮೇಲೆ ನೋಡಬೇಕಿತ್ತು ನನ್ನ ಗಂಡನ ಠೀವಿ! ಕಳ್ಳನಿಗೊಂದು ದನಿ, ಪೊಲೀಸನಿಗೊಂದು ದನಿ. ಆಚೀಚೆ ಆಡುತ್ತಿದ್ದ ಕನ್ನಡವೇ ಬಾರದ ನಾಲ್ಕು ಮಕ್ಕಳು ಬಂದು ಬಾಯಿ ಬಿಟ್ಟುಕೊಂಡು ಕೂತರು. ಮರಳುವಾಗ ಮೆಟ್ರೋದಲ್ಲಿ ಇವರು ತಾವಾಗಿಯೇ ಕೇಳಿದರು, “ಮುಂದಿನ ಪುಸ್ತಕ ಯಾವಾಗ ಕೊಡ್ತಾರಂತೆ ಅವರು?” ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಮದುವೆಯಾಗಿ ಹದಿಮೂರು ವರ್ಷದಲ್ಲಿ ಈ ಮನುಷ್ಯ ಒಂದು ಕಡೆ ಎರಡು ತಾಸು ಸುಮ್ಮನೆ ನಮ್ಮ ಜೊತೆ ಕೂತದ್ದು ಅದೇ ಮೊದಲು. ಅಳು ಬಂದಿತ್ತು.

ಪುಸ್ತಕ ವಾಪಸ್ಸು ಮಾಡುವಾಗ ಒಂದು ಪರೀಕ್ಷೆಯಿತ್ತು. ಕಥೆಯ ನೀತಿ ಏನು ಎಂಬಂಥ ಮಾಸ್ತರಿಕೆಯ ಪ್ರಶ್ನೆ ಅವರು ಕೇಳಿದವರೇ ಅಲ್ಲ. “ಸಾಹೇಬ್ರ, ಮೊದ್ಲ ಹಸಿವಿ ಅಂದವ್ರು ಯಾರು?” “ನಿಮ್ಮಪ್ಪ ಎಲ್ಲಿ ತಡವರಿಸಿದ್ರು?” ಇಷ್ಟರಲ್ಲೇ ಎಲ್ಲ ಹೊರಗೆ ಬರುತ್ತಿತ್ತು. ಒಬ್ಬ ಸಿರಿವಂತರು ಮಕ್ಕಳನ್ನು ಡ್ರೈವರ್ ಜೊತೆ ವಸಾಯಿ ಕೋಟೆಗೆ ಕಳಿಸಿ, ಆಮೇಲೆ ಕಾರಿನಲ್ಲಿ ಬಂದು ಫೋಟೋ ತೆಗೆಸಿಕೊಂಡು ಹೋಗಿದ್ದರು. ಪುಸ್ತಕ ವಾಪಸ್ಸು ತಂದ ಅವರ ಮಗಳು ಹೇಳಿಬಿಟ್ಟಳು, “ಪಪ್ಪಾ ತೋ ಫೋನ್ ಪೇ ಥೇ, ಫೋನಲ್ಲೇ ಇದ್ರು.” ಬೈಂಡರು ಆ ಕೆಂಪು ಕಟ್ಟನ್ನು ತೆಗೆದುಕೊಂಡು, ಮತ್ತೆ ಕಾಗದ ಸುತ್ತಿ ಹೊಲಿದು ಅವಳ ಕೈಗೇ ಕೊಟ್ಟರು. “ಇನ್ನೊಮ್ಮಿ ಹೋಗ್ಬರ್ರಿ. ಈ ಸಲ ಪಪ್ಪಾನೂ ಕರಕೊಂಡು ಹೋಗ್ರಿ.” ಆ ಪಪ್ಪಾ ಯಾರೆಂದು ಕೇಳಬೇಡಿ. ಮುಂದೆ ನಮ್ಮ ಅಧ್ಯಕ್ಷರಾದವರು ಅವರೇ.

ಅಜ್ಜಿ ಮಾತ್ರ ಇದ್ದ ಒಬ್ಬ ಹುಡುಗನಿದ್ದ. ಅಜ್ಜಿಗೆ ಓದು ಬಾರದು. ಆಗ ಇವರೇ ಸಯನ್ ಕೋಟೆಗೆ ಹೋದರು. ಅಜ್ಜಿ, ಮೊಮ್ಮಗ ಒಂದು ಬೆಂಚಿನಲ್ಲಿ. ಇವರು ಇನ್ನೊಂದು ಬೆಂಚಿನಲ್ಲಿ ಅವರಿಗೆ ಬೆನ್ನು ಹಾಕಿ ಕೂತು ಗಟ್ಟಿಯಾಗಿ ಓದಿದರು. “ನಾ ಅವರ ಮನಿಮಂದಿ ಅಲ್ಲಲ್ರಿ. ನಡುವ ಹೋಗಿ ಕುಂದ್ರೂದು ಚಲೋ ಅಲ್ಲ” ಎಂದರು.

ದೇವರಂಥ ಮನುಷ್ಯ ಎಂದು ಹೊಗಳಲು ನಾನು ಕೂತಿಲ್ಲ. ಮೊಂಡ, ಶುದ್ಧ ಮೊಂಡ. ಒಬ್ಬ ಹುಡುಗ ಕಾಮಾಲೆಯಾಗಿ ತಿಂಗಳುಗಟ್ಟಲೆ ಮಲಗಿದ್ದ. ಅವನ ತಾಯಿ ಬಂದು ದ್ವೀಪದ ಕಥೆಯ ಕೆಂಪು ಕಟ್ಟನ್ನು ಕೇಳಿದಳು, ಮನೆಯಲ್ಲೇ ಓದಿ ಹೇಳುತ್ತೇನೆ ಎಂದಳು. ಇವರು ಜಪ್ಪಯ್ಯ ಅನ್ನಲಿಲ್ಲ. ಆರಾಮಾದ ಮೇಲೆ ದೋಣಿಯಲ್ಲೇ ಓದಲಿ ಎಂದರು. ಆಕೆ ಅತ್ತುಕೊಂಡು ಹೋದವಳು ಮತ್ತೆ ಸಂಘದ ಮೆಟ್ಟಿಲು ಹತ್ತಲಿಲ್ಲ. ಅವತ್ತು ನಾನು ಇವರ ಜೊತೆ ಮಾತು ಬಿಟ್ಟೆ. ನಾಲ್ಕು ತಿಂಗಳ ಮೇಲೆ ಸೂಜಿಗೆ ದಾರ ಪೋಣಿಸುತ್ತಾ, ಯಾವ ಪೀಠಿಕೆಯೂ ಇಲ್ಲದೆ, “ಆ ಹುಡುಗಂದು ತಪ್ಪಾತು ನಂದು. ಕೊಡಬೇಕಿತ್ತು” ಎಂದರು. ನನಗೂ ಬೇಕಾದದ್ದು ಅಷ್ಟೇ. ಮಾತು ಶುರುವಾಯಿತು.

ಹೀಗೆ ಐದು ವರ್ಷ. ನಾವು ನೋಡದ ಕೋಟೆಯಿಲ್ಲ, ಇಳಿಯದ ಕಡಲತೀರವಿಲ್ಲ. ನನ್ನ ಮಗಳು ಕೊನೆಗೆ ಅಪ್ಪನ ಕೈಯಿಂದ ಪುಸ್ತಕ ಕಿತ್ತುಕೊಂಡು ತಾನೇ ತಡವರಿಸಿ ಓದುವಷ್ಟಾದಳು. ಕಪಾಟಿನಲ್ಲಿ ನಲವತ್ತು ಪುಸ್ತಕಗಳಿದ್ದವು, ಅಂದರೆ ಎಂಬತ್ತು ಕಟ್ಟುಗಳು. ಅದರಲ್ಲಿ ಅರ್ಧ ಸಂಘದವು, ಅರ್ಧ ಅವರೇ ರದ್ದಿಯಿಂದ ಆರಿಸಿ ತಂದವು.

ಆಮೇಲೆ ಸಂಘದ ಬೆಳ್ಳಿಹಬ್ಬ ಬಂತು. ಅತಿಥಿಗಳಿಗೆ ತೋರಿಸಲು ಗಾಜಿನ ಬಾಗಿಲಿನ ಹೊಸ ಕಪಾಟು ಬಂತು. ಪುಸ್ತಕ ಜೋಡಿಸಲು ಹಳೆಯ ಕಪಾಟು ತೆರೆದ ಹೊಸ ಅಧ್ಯಕ್ಷರಿಗೆ ಸಿಕ್ಕಿದ್ದು ನೀಲಿ ಕೆಂಪು ತುಂಡುಗಳು. ತುರ್ತು ಸಭೆ ಕರೆದರು. ಮಹಿಳಾ ವಿಭಾಗದವಳೆಂದು ನಾನೂ ಇದ್ದೆ.

“ಇದು ಸಂಘದ ಆಸ್ತಿ. ಒಂದೊಂದು ಪುಸ್ತಕವನ್ನೂ ಕೊಯ್ದು ಹಾಕಿದ್ದಾರೆ ನೋಡಿ” ಎಂದು ಅಧ್ಯಕ್ಷರು ಒಂದು ಕಟ್ಟನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಎಂಟು ಜನ ಹಿರಿಯರು ಅಯ್ಯೋ, ಛೆ ಛೆ ಎಂದರು. ಒಬ್ಬರಾದರೂ ಕೈಗೆ ತೆಗೆದುಕೊಂಡು ಒಂದು ಪುಟ ತೆರೆಯಬೇಕಲ್ಲ! ಇಲ್ಲ. ಮೂಲೆಯಿಂದ ಒಬ್ಬರು, ಮೆಲ್ಲಗೆ ಅಂದ ಹಾಗೆ, ಆದರೆ ಎಲ್ಲರಿಗೂ ಕೇಳುವಂತೆ, “ಅವರ ಪೈಕಿಯವರಿಗೆ ಸರಸ್ವತಿ ಅಂದ್ರೆ ಎಂತ ಗೊತ್ತುಂಟು” ಎಂದರು.

ಸಭೆಗೆ ಕರೆಸಿದ್ದ ಬೈಂಡರು ಅಷ್ಟು ಹೊತ್ತೂ ನಿಂತೇ ಇದ್ದರು. ಕೂತುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಆ ಮಾತು ಕೇಳಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. “ನಿಮ್ಮ ಸಂಘದ ಪೂಜಾ ಪುಸ್ತಕ ಹೊಲದಾಂವ ನಾನ ರಿ. ಇಷ್ಟ ವರ್ಷಾತು, ಒಂದ ಹಾಳಿ ಉದುರಿದ್ರ ಹೇಳ್ರಿ” ಎಂದರು. ಆಮೇಲೆ ದನಿ ತಗ್ಗಿಸಿದರು. “ಒಂದ್ ತಿಂಗಳ ಕೊಡ್ರಿ. ಎಲ್ಲಾ ನಾನ ಕೂಡಿಸಿ ಕೊಡ್ತೀನಿ. ಬ್ಯಾರೆಯವ್ರ ಕೈಯಾಗ ಕೊಡಬ್ಯಾಡ್ರಿ. ಯಾವ ನೀಲಿಗೆ ಯಾವ ಕೆಂಪು ಅಂತ ಪಟ್ಟಿ ಐತಿ ನನ್ನ ಕಡೆ. ಜೋಡಿ ತಪ್ಪಿತಂದ್ರ ಕತಿ ಹಾಳಾಗ್ತಾವ್ರಿ.” ಚೀಲದಿಂದ ಪಟ್ಟಿ ತೆಗೆದು ಮೇಜಿನ ಕಡೆ ಚಾಚಿದರು. ಆ ಕೈ ಚಾಚಿಯೇ ಇತ್ತು.

“ನೀವು ಮಾಡಿದ್ದು ಸಾಕು. ಬೀಗದ ಕೈ ಇಟ್ಟು ಹೋಗಿ” ಎಂದರು ಅಧ್ಯಕ್ಷರು.

ಈಗ ನನ್ನ ಸುದ್ದಿ ಹೇಳುತ್ತೇನೆ. ಬಾಯಿ ಜೋರಿನವಳು ಎಂದು ನಮ್ಮ ಬಿಲ್ಡಿಂಗಿನಲ್ಲಿ, ಹೋಟೆಲಿನಲ್ಲಿ, ಸಂಘದಲ್ಲಿ ಹೆಸರು ಪಡೆದವಳು ನಾನು. ತರಕಾರಿಯವನು ಒಂದು ಕೊಳೆತ ಟೊಮೆಟೊ ಹಾಕಿದರೂ ಬೀದಿ ನಡುಗಿಸುವವಳು. ಅವತ್ತು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಯಾಕೆ ಗೊತ್ತೇ? ಬೆಳ್ಳಿಹಬ್ಬದ ವೇದಿಕೆಯಲ್ಲಿ ನನ್ನ ಮಗಳ ನೃತ್ಯಕ್ಕೆ ಹತ್ತು ನಿಮಿಷ ಕೊಟ್ಟಿದ್ದರು. ಮಾತಾಡಿದರೆ ಆ ಹತ್ತು ನಿಮಿಷ ಹೋಗುತ್ತದೆಂಬ ಹೆದರಿಕೆ. ಅಷ್ಟೇ, ಬೇರೇನೂ ಇಲ್ಲ. ಅವರು ಬಾಗಿಲು ದಾಟುವಾಗ ಒಮ್ಮೆ ನನ್ನ ಕಡೆ ನೋಡಿದರು. ನಾನು ಬ್ಯಾಗಿನಲ್ಲಿ ಏನನ್ನೋ ಹುಡುಕಿದೆ.

ಬೆಳ್ಳಿಹಬ್ಬ ಭರ್ಜರಿಯಾಗಿ ನಡೆಯಿತು. ಮಗಳು ಕುಣಿದಳು. ಗಾಜಿನ ಕಪಾಟಿನಲ್ಲಿ ನಲವತ್ತು ಪುಸ್ತಕಗಳು ಒಂದೇ ಎತ್ತರಕ್ಕೆ, ಒಂದೇ ದಪ್ಪಕ್ಕೆ, ಚಿನ್ನದ ಗೆರೆಯ ರಟ್ಟಿನಲ್ಲಿ ನಿಂತಿದ್ದವು. ಅಧ್ಯಕ್ಷರ ಪರಿಚಯದ ಝೆರಾಕ್ಸ್ ಅಂಗಡಿಯೊಂದರಲ್ಲಿ ಜೋಡಿಸಿ ತಂದಿದ್ದರು. “ಹೇಗೆ ಲೈನಾಗಿ ಬಂದಿದೆ ನೋಡಿ” ಎಂದು ಬಂದವರಿಗೆಲ್ಲ ತೋರಿಸಿದರು. ಕಪಾಟಿಗೆ ಬೀಗ ಬಿತ್ತು. ಮಕ್ಕಳ ಲೈಬ್ರರಿ ಮುಚ್ಚಿತು.

ಆರು ತಿಂಗಳ ಮೇಲೆ ಮನಸ್ಸು ತಡೆಯದೆ ಜೋಗೇಶ್ವರಿಗೆ ಹೋದೆ, ಕ್ಷಮೆ ಕೇಳಬೇಕೆಂದು. ಕಾರ್ಖಾನೆಯಲ್ಲಿ ಯಂತ್ರದ ಗಲಾಟೆಯ ನಡುವೆ ನೆಲದಲ್ಲಿ ಕೂತು ರಿಜಿಸ್ಟರ್ ಹೊಲಿಯುತ್ತಿದ್ದರು. ಎದ್ದು ಕೈ ಒರೆಸಿಕೊಂಡು ಸ್ಟೂಲು ಹಾಕಿಕೊಟ್ಟರು. “ಸಾಹೇಬ್ರು ಹೆಂಗದಾರ? ಹೋಟೆಲ್ ಸಾಹೇಬ್ರು ಈಗೂ ಕೆಮ್ಮತಾರೇನು?” ಎಂದು ನಕ್ಕರು. ನಾನು ಕ್ಷಮೆಯ ಮಾತು ತೆಗೆಯುವ ಮೊದಲೇ ಅಡ್ಡ ಬಂದರು.

“ಅದೆಲ್ಲಾ ಇರ್ಲಿ ಅಕ್ಕಾರ. ಜೋಡಿ ಸರಿ ಕೂಡಿಸ್ಯಾರೇನ್ರಿ?”

ನಾನು ಆ ಕಪಾಟನ್ನು ಗಾಜಿನ ಹೊರಗಿನಿಂದಷ್ಟೇ ನೋಡಿದವಳು. ಒಂದು ಪುಸ್ತಕವನ್ನೂ ಮುಟ್ಟಿರಲಿಲ್ಲ. “ಹೌದು, ಎಲ್ಲ ಸರಿಯಾಗಿಯೇ ಉಂಟು” ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು!

“ಅಷ್ಟಾದ್ರ ಸಾಕು ನೋಡ್ರಿ. ನನಗ ಅದ ಚಿಂತಿ ಇತ್ತು” ಎಂದರು. ಮುಖ ಅರಳಿತು. ಚಹಾ ತರಿಸಿದರು. ಆ ಚಹಾವನ್ನು ಪೂರ್ತಿ ಕುಡಿದು ಬಂದೆ. ಮತ್ತೆ ಅವರನ್ನು ನೋಡಲಿಲ್ಲ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಹೇಳಿದ್ದು ಆ ಅಜ್ಜಿಯ ಮೊಮ್ಮಗ, ಈಗ ಕಾಲೇಜಿಗೆ ಹೋಗುವವನು. ಸಂಘದಲ್ಲಿ ಎರಡು ನಿಮಿಷ ಮೌನ ಮಾಡೋಣ ಎಂದು ಕಾರ್ಯದರ್ಶಿಗೆ ಫೋನು ಮಾಡಿದೆ. “ಯಾರು? ಆ ಪುಸ್ತಕ ಹರೀತಿದ್ದವರಾ?” ಎಂದು ಕೇಳಿದ. ಫೋನು ಕುಕ್ಕಿದೆ. ಅದಾಗಿ ಕೆಲವೇ ತಿಂಗಳಿಗೆ ಬಂದದ್ದು ಈ ಕರೆಯೋಲೆ, ಇದೇ ಮೊದಲ ಬಾರಿಗೆ!

ಕಳೆದ ರವಿವಾರ ಉದ್ಘಾಟನೆ. ಹೋಗಲೇಬಾರದೆಂದು ಇದ್ದೆ, ಸಿಟ್ಟೇ ಎಳೆದುಕೊಂಡು ಹೋಯಿತು. ಕೆಳಗೆ ಕರ್ಜತ್‌ನ ಯಾವುದೋ ರಿಸಾರ್ಟಿಗೆ ಹೊರಟ ಎರಡು ಬಸ್ಸು. ಮೇಲೆ ಕೋಣೆಯ ತುಂಬ ಹೊಸ ತಲೆಮಾರಿನ ಅಪ್ಪ ಅಮ್ಮಂದಿರು, ಮಕ್ಕಳು. ಅಧ್ಯಕ್ಷರು ರಿಬ್ಬನ್ ಕತ್ತರಿಸಿ ಗಾಜಿನ ಕಪಾಟಿನ ಬೀಗ ತೆಗೆದರು. ನಾಲ್ಕು ವರ್ಷದಲ್ಲಿ ಮೊದಲ ಸಲ. ಕೈಗೆ ಸಿಕ್ಕ ಒಂದು ಪುಸ್ತಕ ಎಳೆದು, ಮಕ್ಕಳಿಗೆ ಸ್ಯಾಂಪಲ್ ತೋರಿಸುತ್ತೇನೆಂದು ಮೈಕಿನ ಮುಂದೆ ನಡುವಿನ ಪುಟ ತೆರೆದರು. ಓದಿದರು.

“ಪಾಳು ಬಾವಿಯ ಒಳಗಿನಿಂದ ಹುಡುಗಿ ಅಣ್ಣಾ ಅಣ್ಣಾ ಎಂದು ಕೂಗಿದಳು. ಹಗ್ಗ ಇನ್ನೂ ಮೇಲೆಯೇ ಇತ್ತು. ನೀರು ಅವಳ ಎದೆಯ ಮಟ್ಟಕ್ಕೆ ಬಂದಿತ್ತು. ಇನ್ನು ಒಂದು ಗಳಿಗೆ ತಡವಾದರೆ” ಎಂದು ಓದಿ ಪುಟ ಮಗುಚಿದರು, ಉಸಿರು ತೆಗೆದುಕೊಳ್ಳದೆ ಮುಂದುವರಿಸಿದರು, “ಹಾಯಿ ಬಿಚ್ಚಿ ಎಂದು ನಾವಿಕ ಗುಡುಗಿದ. ಹಡಗು ಬಂದರು ಬಿಟ್ಟು ಹೊರಟಿತು. ಎಲ್ಲರೂ ಕೈ ಬೀಸಿದರು.”

ಮುಗಿಸಿ ನಕ್ಕರು. ಚಪ್ಪಾಳೆ! ಫೋಟೋ! ನನಗೆ ಆಗ ಗೊತ್ತಾಯಿತು. ಗಾಜಿನಲ್ಲಿ ಸಾಲಾಗಿ ಕಾಣಲೆಂದು ದಪ್ಪಕ್ಕೆ ದಪ್ಪ, ಎತ್ತರಕ್ಕೆ ಎತ್ತರ ನೋಡಿ ಯಾವುದೋ ನೀಲಿಗೆ ಯಾವುದೋ ಕೆಂಪನ್ನು ಅಂಟಿಸಿದ್ದರು. ನಾಲ್ಕು ವರ್ಷ ಒಬ್ಬನೂ ತೆರೆದು ನೋಡಿರಲಿಲ್ಲ. ಈಗ ಮೈಕಿನಲ್ಲಿ ಗಟ್ಟಿಯಾಗಿ ಓದಿದವರಿಗೂ ಗೊತ್ತಾಗಲಿಲ್ಲ. ಅವರ ಕಿವಿಗೂ ಬೀಳಲಿಲ್ಲ. ಎಲ್ಲ ಸರಿಯಾಗಿಯೇ ಉಂಟು ಎಂದು ನಾನು ಹೇಳಿದ್ದೆ. ಆ ಮನುಷ್ಯ ಅದನ್ನು ನಂಬಿ ಸತ್ತರು.

ಚಪ್ಪಾಳೆ ನಿಂತಾಗ ಮುಂದಿನ ಸಾಲಿನಲ್ಲಿ ಏಳು ವರ್ಷದ ಒಂದು ಹುಡುಗಿ ಎದ್ದು ನಿಂತಳು. “ಅಂಕಲ್, ವೋ ಹುಡುಗಿ ಬಾವೀಲೇ ಇದ್ದಾಳಾ?”

ಅಧ್ಯಕ್ಷರು ಬಗ್ಗಿ ಕೇಳಿದರು, “ಯಾವ ಹುಡುಗಿ ಪುಟ್ಟಿ?”

ಸಾಕಾಗಿತ್ತು. ಎದ್ದು ಹೋಗಿ ಅವರ ಕೈಯಿಂದ ಪುಸ್ತಕ ಕಿತ್ತುಕೊಂಡೆ. ರಟ್ಟಿನ ಎರಡು ಕಡೆ ಹಿಡಿದು ಎಳೆದೆ. ಝೆರಾಕ್ಸ್ ಅಂಗಡಿಯ ಗೋಂದು, ಪರಕ್ಕೆಂದು ಎರಡಾಯಿತು. “ಹುಚ್ಚು ಹಿಡಿದಿದೆಯೇನ್ರೀ ನಿಮಗೆ! ಸಂಘದ ಆಸ್ತಿ!” ಎಂದು ಅಧ್ಯಕ್ಷರು ಕಿರುಚಿದರು. “ಆಸ್ತಿಯಂತೆ ಆಸ್ತಿ! ಒಂದು ಪುಟ ಓದಿದ ಮುಖವಾ ನಿಮ್ಮದು?” ಎಂದೆ. ಇನ್ನೂ ಏನೇನೋ ಅಂದೆ, ನಾಲ್ಕು ವರ್ಷದ್ದೆಲ್ಲ ಸೇರಿಸಿ ಅಂದೆ, ಅವರನ್ನು ಹೇಗೆ ನಿಲ್ಲಿಸಿ ಮಾತಾಡಿದಿರೆಂದು ಅಂದೆ, ನಾನು ಹೇಗೆ ಕೂತಿದ್ದೆನೆಂದೂ ಅಂದೆ. ಮೈಕು ಚಾಲೂ ಇತ್ತು. ಆಮೇಲೆ ನೆಲದ ಮೇಲೆ ಕೂತು, ಕಪಾಟಿನಿಂದ ಒಂದೊಂದೇ ಪುಸ್ತಕ ಎಳೆದು ಹರಿಯತೊಡಗಿದೆ. ಆ ಪುಟ್ಟಿ ಬಂದು ನನ್ನ ಪಕ್ಕ ಕೂತಳು. ಇನ್ನೂ ನಾಲ್ಕು ಮಕ್ಕಳು ಬಂದರು. ಕೆಳಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಬಾವಿಯ ಕಥೆಯ ಉಳಿದರ್ಧ ಹದಿನೇಳನೆಯ ಪುಸ್ತಕದಲ್ಲಿ ಸಿಕ್ಕಿತು. ಯಾವುದೋ ಕಾಡಿನ ಕಥೆಯ ಬೆನ್ನಿಗೆ ಅಂಟಿಸಿದ್ದರು. ‘ಅವಳು ಉಳಿಯುವುದಿಲ್ಲ’ ಎಂದು ಶುರುವಾಗುವ ಪುಟ. ಅದನ್ನು ಆ ಪುಟ್ಟಿಯ ಅಪ್ಪನ ಕೈಗೆ ಕೊಟ್ಟೆ. ಅಧ್ಯಕ್ಷರ ಪಕ್ಕ ನಿಂತಿದ್ದ, ಕೊರಳಲ್ಲಿ ಸಂಘದ ಬ್ಯಾಡ್ಜು.

“ಆಂಟಿ, ಬಸ್ ನಿಂತಿದೆ, ಔರ್ ಮೇರಾ ಕನ್ನಡ ಥೋಡಾ ವೀಕ್ ಹೈ...” ಎಂದು ರಾಗ ಎಳೆದ.

“ಓದು ಮಾರಾಯ!” ಎಂದು ಗದರಿದೆ. “ಹುಡುಗಿ ನೀರಿನಲ್ಲಿ ನಿಂತು ನಾಲ್ಕು ವರ್ಷ ಆಯ್ತು!”